ಹನ್ನೊಂದು ಮಕ್ಕಳಿಗೆ ಹುಟ್ಟಿದ ದಿನ ಹಂಚಿದ್ದು

ನನ್ನ ತಂಗಿಯ ಮೊಮ್ಮಗಳು ಈ ವರ್ಷ ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿದಳು. ಆರ್ಡರ್ ಕೈಗೆ ಬಂದ ದಿನವೇ ನನ್ನಲ್ಲಿಗೆ ಓಡಿಬಂದು, "ಶೆಮಾಯ್, ಮೊದಲ ದಿನ ಎಂತ ಮಾಡಬೇಕು?" ಎಂದು ಕೇಳಿದಳು. ಕೊಂಕಣಿಯಲ್ಲಿ ನಾವು ಅಜ್ಜಿಯನ್ನು ಹಾಗೆ ಕರೆಯುವುದು.

"ಮೂಗು ಒರೆಸಬೇಕು," ಎಂದೆ.

"ಮಕ್ಕಳದ್ದಾ?"

"ಬೆಳಿಗ್ಗೆ ಮಕ್ಕಳದ್ದು. ಸಂಜೆಗೆ ನಿನ್ನದು."

ಅವಳಿಗೆ ನಗು ಬರಲಿಲ್ಲ. ಟ್ರೈನಿಂಗಿನಲ್ಲಿ ಎರಡು ವರ್ಷ ಏನೇನೋ ಕಲಿಸಿದ್ದಾರಂತೆ, ಮೂಗಿನ ವಿಷಯ ಸಿಲೆಬಸ್ಸಿನಲ್ಲಿ ಇರಲಿಲ್ಲವಂತೆ. ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಯಾರಾದರೂ ಬರೆದಿಡಬೇಕಲ್ಲ, ಅದಕ್ಕೆ ಕೂತಿದ್ದೇನೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಅದನ್ನು ಕೊನೆಗೆ ಹೇಳುತ್ತೇನೆ, ಈಗಲೇ ಹಾಳೆ ತಿರುಗಿಸಿ ನೋಡಿದರೆ ಮೂಲೆಗೆ ನಿಲ್ಲಿಸುತ್ತೇನೆ.

ನನ್ನ ಬಡ್ತಿಗಳ ಬಗ್ಗೆ ಒಂದೇ ಸಾಲು ಸಾಕು. ನಾನು ಮೊದಲ ದಿನದಿಂದಲೇ ಹೆಡ್‌ಮಿಸ್ಟ್ರೆಸ್, ಏಕೆಂದರೆ ನಾನು ಜೀವಮಾನವೆಲ್ಲ ಕಲಿಸಿದ ಆ ಶಾಲೆಯಲ್ಲಿ ಶುರುವಿಗೆ ಬೇರೆ ಟೀಚರೇ ಇರಲಿಲ್ಲ.

ಅಲ್ಲಿಗೆ ಹೋದದ್ದೂ ದೊಡ್ಡ ಆದರ್ಶದಿಂದಲ್ಲ, ಮೊದಲಿನ ಕೆಲಸ ಹೋದದ್ದರಿಂದ. ಎಪ್ಪತ್ತರ ದಶಕದ ಶುರುವಿನಲ್ಲಿ ಕಾಪುವಿನ ಕಡೆಯ ಒಂದು ಶಾಲೆಯಲ್ಲಿ, ಹೆರಿಗೆ ರಜೆಗೆ ಹೋದ ಟೀಚರಿನ ಬದಲಿಗೆ ಸೇರಿದ್ದೆ. ಮೂರನೆಯ ತರಗತಿಯಲ್ಲಿ ದೀಪಸ್ತಂಭದ ಬಗ್ಗೆ ಹೇಳಬೇಕಾಗಿತ್ತು. ಕಿಟಕಿಯಲ್ಲಿ ಇಣುಕಿದರೆ ನಿಜವಾದ ದೀಪಸ್ತಂಭವೇ ಕಾಣುತ್ತಿತ್ತು. ಕಣ್ಣೆದುರು ಇರುವುದನ್ನು ಬೋರ್ಡಿನಲ್ಲಿ ಯಾಕೆ ಬಿಡಿಸುವುದು ಎಂದು ಯಾರನ್ನೂ ಕೇಳದೆ ನಲವತ್ತು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದೆ. ಹೋಗುವಾಗ ನಲವತ್ತು, ಬರುವಾಗ ಮೂವತ್ತೊಂಬತ್ತು. ಒಬ್ಬ ದಾರಿಯಲ್ಲಿ ತನ್ನ ಅಪ್ಪನ ದೋಣಿ ಕಂಡು ಅತ್ತ ಹೋಗಿದ್ದ. ನಾವೆಲ್ಲ ಎದೆ ಬಡಿದುಕೊಂಡು ಹುಡುಕುವಾಗ ಅವನು ಮನೆಯಲ್ಲಿ ಬಂಗುಡೆ ಸಾರಿನಲ್ಲಿ ಅನ್ನ ಕಲಸುತ್ತಿದ್ದ. ಹುಡುಗ ಸಿಕ್ಕಿದ, ನನ್ನ ಕೆಲಸ ಮತ್ತೆ ಸಿಗಲಿಲ್ಲ.

ಟ್ರಂಕು ಹಿಡಿದು ಊರಿಗೆ ಬಂದೆ. ನನ್ನ ತವರು ಬಜಗೋಳಿಯಿಂದ ಎರಡು ಮೈಲಿ ಒಳಗೆ. ಆಗ ಘಟ್ಟದ ಮೇಲಿನ ಗಣಿಗೆ ರಸ್ತೆ ಮಾಡುವ ಕೆಲಸ ನಡೆಯುತ್ತಿತ್ತು. ಜಲ್ಲಿ ಒಡೆಯಲು ಎಲ್ಲಿಂದಲೋ ಬಂದ ಎಂಟು ತಮಿಳು ಕುಟುಂಬಗಳು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಅವರ ಅಜ್ಜಂದಿರನ್ನು ಬ್ರಿಟಿಷರು ಸಿಲೋನಿನ ಚಹಾ ತೋಟಗಳಿಗೆ ಕರೆದುಕೊಂಡು ಹೋಗಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿಯವರು "ನೀವು ನಮ್ಮವರಲ್ಲ" ಎಂದರು. ಹಡಗು ಹತ್ತಿ ಇಲ್ಲಿಗೆ ಬಂದರೆ ಇಲ್ಲಿಯವರು "ಕಾಗದ ತೋರಿಸಿ" ಎಂದರು. ಸರಿಯಾದ ಕಾಗದ ಇದ್ದವರಿಗೆ ಸರಕಾರ ಎಲ್ಲೆಲ್ಲೋ ನೆಲೆ ಕೊಟ್ಟಿತ್ತು. ಈ ಎಂಟು ಮನೆಯವರ ಹತ್ತಿರ ಕಾಗದವೇ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಹಾಗಾಗಿ ಅವರು ಅಲ್ಲಿಯವರೂ ಅಲ್ಲ, ಇಲ್ಲಿಯವರೂ ಅಲ್ಲ.

ಅವರ ಹನ್ನೊಂದು ಮಕ್ಕಳನ್ನು ಹತ್ತಿರದ ಶಾಲೆಯವರು ಸೇರಿಸಲಿಲ್ಲ. "ಪರದೇಶದವರ ಹುಟ್ಟಿದ ದಿನ, ಹುಟ್ಟಿದ ಊರು ಗೊತ್ತಿಲ್ಲದೆ ಹೇಗೆ ಬರೆಯುವುದು?" ಎಂದು ಕೈ ಚೆಲ್ಲಿದರು. ಮಕ್ಕಳು ರಸ್ತೆಗೆ ಹೊಂಡ ತೋಡಿದಲ್ಲಿ ಆಡುತ್ತಿದ್ದವು. ಒಂದು ದಿನ ಒಂದು ಮಗು ಡಾಮರಿನ ಡಬ್ಬದ ಹತ್ತಿರ ಹೋಗಿ ಕಾಲು ಸುಟ್ಟುಕೊಂಡಿತು. ಅದನ್ನು ಎತ್ತಿಕೊಂಡು ಓಡಿದವರು ನಮ್ಮೂರಿನ ರಾಮಣ್ಣ ಶೆಟ್ರು, ಗುತ್ತಿನ ಮನೆಯವರು, ಎಂದರೆ ಊರಿನ ಹಳೆಯ ಯಜಮಾನ ಮನೆತನ. ಡ್ರೆಸ್ಸಿಂಗ್ ಮಾಡಿಸಿಕೊಂಡು ಬಂದವರೇ ನೆಟ್ಟಗೆ ನಮ್ಮ ಮನೆ ಜಗಲಿಗೆ ಬಂದರು.

"ಐರಿನ್ ಬಾಯಿ, ನಿಮಗೆ ಕೆಲಸ ಇಲ್ಲ ಅಲ್ವಾ?"

"ಇಲ್ಲ ಶೆಟ್ರೇ."

"ನನ್ನ ಗಾಡಿಯ ಕೊಟ್ಟಿಗೆ ಖಾಲಿ ಉಂಟು. ನಾಳೆಯಿಂದ ಶಾಲೆ."

ಶೆಟ್ರು ಮಾತಾಡುವುದು ಹಾಗೆಯೇ, ಕೇಳುವುದಿಲ್ಲ, ಹೇಳಿಬಿಡುತ್ತಾರೆ. ಕರಿಹಲಗೆ ತಂದುಕೊಟ್ಟವರು ಲಾರಿ ಹಸನಬ್ಬ ಸಾಹೇಬರು. ತಮ್ಮ ಹಳೆಯ ಲಾರಿಯ ಹಿಂಬಾಗಿಲನ್ನೇ ಕಳಚಿ ಕಪ್ಪು ಬಣ್ಣ ಬಳಿಸಿದ್ದರು. ಒಂದು ತಿಂಗಳಲ್ಲಿ ಬಣ್ಣ ಮಾಸಿ ಅಡಿಯಿಂದ "ಹಾರ್ನ್ ಮಾಡಿ" ಎಂಬ ಅಕ್ಷರಗಳು ಎದ್ದುಬಂದವು. ನಾನು ಅದರ ಮೇಲೆ ಏನೇ ಬರೆದರೂ ಮಕ್ಕಳು ಮೊದಲು ಒಟ್ಟಾಗಿ "ಪೋಂ" ಎಂದು ಕೂಗಿ ಆಮೇಲೆ ಪಾಠ ಓದುತ್ತಿದ್ದರು.

ನನಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು, ಪುಸ್ತಕವಂತೂ ಇಲ್ಲವೇ ಇಲ್ಲ. ಹಾಗಾಗಿ ಬಜಗೋಳಿಯ ಕೂಡುರಸ್ತೆಗೆ ಕರೆದುಕೊಂಡು ಹೋಗಿ ಬಸ್ಸಿನ ಬೋರ್ಡುಗಳಲ್ಲಿ ಅಕ್ಷರ ಕಲಿಸಿದೆ. ಕಾರ್ಕಳ, ಉಡುಪಿ, ಮಣಿಪಾಲ. ಎರಡೇ ತಿಂಗಳಲ್ಲಿ ಮಕ್ಕಳು ಓದತೊಡಗಿದವು. ನಾನು ಜಂಭದಿಂದ ಬೋರ್ಡಿನ ಮೇಲೆ "ಅಮ್ಮ" ಎಂದು ಬರೆದು ಓದಿಸಿದೆ. ಮುರುಗನ್ ಎಂಬ ಉದ್ದ ಕೈಯ ಹುಡುಗ ಚೆನ್ನಾಗಿ ಓದಿ, ಆಮೇಲೆ ಕೇಳಿದ: "ಇದು ಕಾರ್ಕಳದಿಂದ ಆಚೆಯಾ ಈಚೆಯಾ ಟೀಚರ್?" ಬರೆದದ್ದೆಲ್ಲ ಊರಿನ ಹೆಸರೇ ಎಂದು ಅವರು ತಿಳಿದಿದ್ದರು. ಅದು ನನ್ನದೇ ತಪ್ಪು. ಇನ್ನು ಟೀಚರಾಗುವವರೇ, ಮಗು ತಪ್ಪು ಹೇಳಿದಾಗ ಕೋಲು ಹುಡುಕುವ ಮೊದಲು ನಿಮ್ಮ ಪಾಠವನ್ನು ಒಮ್ಮೆ ಹುಡುಕಿ.

ದೊಡ್ಡ ತಪ್ಪು ಮಾಡಿದ್ದು ದಾಖಲಾತಿ ಪುಸ್ತಕದಲ್ಲಿ. ಶಾಲೆ ಎಂದ ಮೇಲೆ ಅದು ಇರಲೇಬೇಕು. ಮಗುವಿನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ರಾಷ್ಟ್ರೀಯತೆ, ಒಂದೊಂದಕ್ಕೂ ಒಂದೊಂದು ಕಾಲಂ. ಆ ಕಾಲದಲ್ಲಿ ನಮ್ಮ ಕಡೆ ಹುಟ್ಟಿದ ದಿನ ಬರೆದಿಟ್ಟುಕೊಂಡ ಮನೆ ಕಡಿಮೆ. ತಂದೆ ಮಗುವನ್ನು ತಂದು ನಿಲ್ಲಿಸುವುದು, ಮಾಸ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ವರ್ಷ ಆಯಿತು ಎಂದು ಲೆಕ್ಕ. ಶಾಲೆ ಶುರುವಾಗುವುದು ಜೂನಿನಲ್ಲಿ, ಆದ್ದರಿಂದ ಹುಟ್ಟಿದ್ದು ಜೂನ್ ಒಂದು ಎಂದು ಬರೆದು ಮುಗಿಸುವುದು. ಜಿಲ್ಲೆಯ ಅರ್ಧ ಜನ ಹೀಗೆ ಜೂನ್ ಒಂದಕ್ಕೆ ಹುಟ್ಟಿದವರು.

ನಾನೂ ಹಾಗೆಯೇ ಬರೆದಿದ್ದರೆ ಈ ಕಥೆಯೇ ಇಲ್ಲ. ಆದರೆ ನನಗೆ ಬುದ್ಧಿ ಸ್ವಲ್ಪ ಹೆಚ್ಚು. "ಹನ್ನೊಂದು ಮಕ್ಕಳೂ ಒಂದೇ ದಿನ ಹುಟ್ಟಿದರೆ ಇನ್‌ಸ್ಪೆಕ್ಟರಿಗೆ ಸಂಶಯ ಬರುವುದಿಲ್ಲವಾ?" ಎಂದೆ. ಶಾಲಾ ಕಮಿಟಿ ಎಂದರೆ ಶೆಟ್ರು, ಹಸನಬ್ಬರು, ನಾನು, ಮೂರೇ ಜನ. ಮೂವರೂ ಕೊಟ್ಟಿಗೆಯಲ್ಲಿ ಕೂತು ಮಕ್ಕಳಿಗೆ ಹುಟ್ಟಿದ ದಿನ ಹಂಚಿದೆವು. ಒಂದು ಮಧ್ಯಾಹ್ನದಲ್ಲಿ ಹನ್ನೊಂದು ಹೆರಿಗೆ, ಯಾವ ಸೂಲಗಿತ್ತಿಯೂ ಮಾಡಿರಲಾರಳು.

ಶೆಟ್ರು ತಮ್ಮ ಪಾಲಿನ ಮಕ್ಕಳಿಗೆ ದೀಪಾವಳಿ, ತುಳುವರ ಪತ್ತನಾಜೆ ಎಂದು ಒಳ್ಳೆಯ ದಿನ ಆರಿಸಿದರು. ಹಸನಬ್ಬರು ತಮ್ಮ ಆರು ಮಕ್ಕಳ ಹುಟ್ಟಿದ ತಿಂಗಳುಗಳನ್ನೇ ಕೊಟ್ಟರು, ಅವರಿಗೆ ನೆನಪಿದ್ದದ್ದು ಅಷ್ಟೇ. ನಾನು ಸೆಲ್ವಿ ಎಂಬ ಚುರುಕಿನ ಹುಡುಗಿಗೆ ಮೊಂತಿ ಫೆಸ್ತ್ ಕೊಟ್ಟೆ. ಅದು ಸೆಪ್ಟೆಂಬರಿನಲ್ಲಿ ಮೇರಿ ಮಾತೆ ಹುಟ್ಟಿದ ದಿನ, ನಮ್ಮವರು ಹೊಸ ತೆನೆ ತರುವ ಹಬ್ಬ. ಊರಿನ ಹೆಸರು ಬಂದಾಗ ಹಸನಬ್ಬರು, "ಹುಟ್ಟಿದ್ದನ್ನು ನಾವು ನೋಡಿದ್ದೇವಾ? ನಮ್ಮ ಕಣ್ಣಿಗೆ ಬಿದ್ದದ್ದು ಬಜಗೋಳಿಯಲ್ಲಿ. ಬಜಗೋಳಿ ಅಂತ ಬರೀರಿ," ಎಂದರು. ಬರೆದೆ. ರಾಷ್ಟ್ರೀಯತೆಯ ಕಾಲಂ ಬಂದಾಗ ಮಾತ್ರ ಮೂವರೂ ಮುಖ ಮುಖ ನೋಡಿಕೊಂಡೆವು. ದೇಶವನ್ನು ಹಂಚುವಷ್ಟು ಧೈರ್ಯ ನಮಗೆ ಇರಲಿಲ್ಲ. ಅದನ್ನು ಖಾಲಿ ಬಿಟ್ಟೆವು.

ಇಷ್ಟೆಲ್ಲ ಮಾಡಿದ ನಾವು ಆ ಮಕ್ಕಳ ತಾಯಂದಿರನ್ನು ಒಂದು ಮಾತು ಕೇಳಲಿಲ್ಲ. ಜಲ್ಲಿ ಒಡೆಯುವವರಿಗೆ ತಾರೀಕು ಎಲ್ಲಿ ಗೊತ್ತಿರುತ್ತದೆ ಎಂಬ ದೊಡ್ಡಸ್ತಿಕೆ.

ಶಾಲೆ ಬೆಳೆಯಿತು. ಬೆಳೆದದ್ದು ನನ್ನ ಪಾಠದಿಂದ ಎಂದು ಹೇಳಿಕೊಳ್ಳುವ ಆಸೆ ಉಂಟು, ಆದರೆ ನಿಜ ಹೇಳಬೇಕೆಂದರೆ ಗಂಜಿಯಿಂದ. ಶೆಟ್ರ ಮನೆಯ ಕುಚ್ಚಲಕ್ಕಿ ಗಂಜಿ, ಹಸನಬ್ಬರು ಉಚ್ಚಿಲದಿಂದ ಬರುವಾಗ ತರುವ ಒಣಮೀನಿನ ಚಟ್ನಿ. ವಾಸನೆ ಹಿಡಿದು ಊರಿನ ಮಕ್ಕಳೂ ಬರತೊಡಗಿದವು. ಇಗರ್ಜಿಯವರು ಹಳೆಯ ಬೆಂಚು ಕೊಟ್ಟರು, ಮಸೀದಿಯವರು ಹಂಚು ಕೊಟ್ಟರು, ದೇವಸ್ಥಾನದವರು ಗಂಟೆ ಕೊಟ್ಟರು. ಊರಿನವರೆಲ್ಲ ಭಾನುವಾರ ಕೆಂಪುಕಲ್ಲು ಹೊತ್ತು ಗೋಡೆ ಕಟ್ಟಿದರು. ರಸ್ತೆ ಕೆಲಸ ಮುಗಿದ ಮೇಲೂ ತಮಿಳು ಮನೆಯವರು ಇಲ್ಲೇ ಉಳಿದರು. ಗಂಡಸರು ತೋಟಗಳಿಗೆ, ಹೆಂಗಸರು ಗೋಡಂಬಿ ಕಾರ್ಖಾನೆಗೆ ಹೋದರು.

ಸೆಲ್ವಿ, ಮುರುಗನ್ ಇಬ್ಬರ ತಾಯಿ ಮುತ್ತಮ್ಮ. ಗಂಡ ಇರಲಿಲ್ಲ. ಗೋಡಂಬಿ ಒಡೆದು ಒಡೆದು ಸಿಪ್ಪೆಯ ಎಣ್ಣೆಗೆ ಅವಳ ಎರಡೂ ಕೈ ಕಪ್ಪಾಗಿ ಚರ್ಮ ಏಳುತ್ತಿತ್ತು. ಆ ಕೈಯಲ್ಲೇ ವರ್ಷಕ್ಕೆ ಎರಡು ಸಲ ಒಂದು ಪಾತ್ರೆ ಬೆಲ್ಲದ ಅನ್ನ ಮಾಡಿ ಶಾಲೆಗೆ ತರುತ್ತಿದ್ದಳು. ಒಂದು ಸಲ ಕಾರ್ತಿಕ ದೀಪದ ಮಾರನೆಯ ದಿನ, ಇನ್ನೊಂದು ಸಲ ಏಪ್ರಿಲಿನ ಬಿಸು ಹಬ್ಬದ ಹತ್ತಿರ.

"ಯಾವ ದೇವರಿಗೆ ಮುತ್ತಮ್ಮ?" ಎಂದು ಒಮ್ಮೆ ಕೇಳಿದೆ.

"ನಮ್ಮ ಮನೆ ದೇವರಿಗೆ ಟೀಚರಮ್ಮ. ಎರಡು ಉಂಟು."

ದೀಪದ ಅನ್ನವನ್ನು ಮೊದಲು ಸೆಲ್ವಿಗೆ ಬಡಿಸುತ್ತಿದ್ದಳು, ಬಿಸುವಿನದ್ದನ್ನು ಮೊದಲು ಮುರುಗನಿಗೆ. ಒಳ್ಳೆ ದೇವರು, ನೈವೇದ್ಯಕ್ಕೂ ಸರದಿ ಇಟ್ಟಿದೆ ಎಂದು ತಮಾಷೆ ಮಾಡಿ ನಾನೂ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ.

ಸೆಲ್ವಿ ಏಳನೆಯ ತರಗತಿಗೆ ಬಂದಳು. ನಮ್ಮ ಶಾಲೆಯಿಂದ ಪಬ್ಲಿಕ್ ಪರೀಕ್ಷೆಗೆ ಕೂರಬಹುದಾದ ಮೊದಲ ಮಗು. ಓದಿನಲ್ಲಿ ಚುರುಕು, ಆದರೆ ಒಂದು ದೊಡ್ಡ ದೋಷ ಇತ್ತು, ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಮ್ಮೆ ನಾನು ಸಣ್ಣ ಜ್ವರ ಎಂದು ಹೇಳಿ ಕಾರ್ಕಳಕ್ಕೆ ಸಿನಿಮಾ ನೋಡಲು ಹೋಗಿದ್ದೆ. ಶೆಟ್ರು ವಿಚಾರಿಸಿದಾಗ, "ಟೀಚರ್ ಕಾರ್ಕಳ ಬಸ್ಸು ಹತ್ತಿದ್ದು ನಾನು ನೋಡಿದ್ದೇನೆ, ಜ್ವರ ನೋಡಲಿಲ್ಲ," ಎಂದಿದ್ದಳು. ಇಂಥವಳನ್ನು ಶಿಷ್ಯೆಯಾಗಿ ಪಡೆಯಲು ಪುಣ್ಯ ಬೇಕು, ತಡೆದುಕೊಳ್ಳಲು ತಾಳ್ಮೆ ಬೇಕು.

ನಮ್ಮ ಶಾಲೆಗೆ ಇನ್ನೂ ಮಾನ್ಯತೆ ಇರಲಿಲ್ಲ. ಇನ್‌ಸ್ಪೆಕ್ಟರರು ದಾಖಲಾತಿ ಪುಸ್ತಕ ನೋಡಿ ಸಹಿ ಹಾಕಿದರೆ ಮಾತ್ರ ಸೆಲ್ವಿ ಪರೀಕ್ಷೆ ಬರೆಯಬಹುದಿತ್ತು. ಮುತ್ತಮ್ಮ ನನ್ನ ಹತ್ತಿರ ನೇರವಾಗಿ ಹೇಳಿದ್ದಳು: "ಬರೆಯಲಿಕ್ಕೆ ಬಿಟ್ಟರೆ ಓದಲಿ ಟೀಚರಮ್ಮ. ಇಲ್ಲದಿದ್ದರೆ ಸೋಮವಾರದಿಂದ ನನ್ನ ಜೊತೆ ಕಾರ್ಖಾನೆಗೆ. ನನ್ನ ಬೆರಳು ಇನ್ನು ಹೆಚ್ಚು ದಿನ ನಡೆಯುವುದಿಲ್ಲ." ನಾನು ಸೆಲ್ವಿಯ ಬೆರಳುಗಳನ್ನು ನೋಡಿದೆ. ಮಸಿ ತಾಗಿದ್ದು ಬಿಟ್ಟರೆ ಬೇರೆ ಕಲೆ ಇರಲಿಲ್ಲ. ಅವು ಹಾಗೆಯೇ ಇರಬೇಕು ಎಂದು ನನಗೆ ಹಠ ಬಂತು.

ಇನ್‌ಸ್ಪೆಕ್ಟರ್ ವಾಸುದೇವ ರಾಯರು ಉಡುಪಿಯವರು. ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ನೀಲಿ ಪೆನ್ನಿನ ಮುಚ್ಚಳ ತೆಗೆದದ್ದನ್ನು ಕಂಡವರು ಕಡಿಮೆ. ಯಾವ ಶಾಲೆಯಲ್ಲೂ ಒಂದು ಲೋಟ ನೀರು ಕೂಡ ಮುಟ್ಟದ ಮನುಷ್ಯ. ಜನವರಿಯ ಒಂದು ಬೆಳಿಗ್ಗೆ ಬಸ್ಸಿಳಿದು ನಡೆದೇ ಬಂದರು. ಶೆಟ್ರು, ಹಸನಬ್ಬರು ಒಳಗೆ ಬರುವ ಧೈರ್ಯವಿಲ್ಲದೆ ಕಿಟಕಿಯ ಹೊರಗೆ ಗೋಡೆಗೆ ಒರಗಿ ನಿಂತರು. ಮುರುಗನ್ ರಾಯರ ಎದುರು ಓದುವಾಗಲೂ "ಪೋಂ" ಎಂದೇ ಶುರು ಮಾಡಿದ. ರಾಯರು ನಗಲಿಲ್ಲ. ಕುರ್ಚಿಯಲ್ಲಿ ಕೂತು, "ದಾಖಲಾತಿ ತನ್ನಿ," ಎಂದರು.

ಪುಟದ ಮೇಲೆ ಅವರ ಬೆರಳು ಕೆಳಗೆ ಇಳಿಯುತ್ತ ಬಂದು ಒಂದು ಕಡೆ ನಿಂತಿತು.

"ಟೀಚರೇ, ಈ ಸೆಲ್ವಿ, ಈ ಮುರುಗನ್, ಒಂದೇ ತಾಯಿಯ ಮಕ್ಕಳಾ?"

"ಹೌದು ಸರ್."

"ಸೆಲ್ವಿ ಹುಟ್ಟಿದ್ದು ಸೆಪ್ಟೆಂಬರ್."

"ಹೌದು ಸರ್, ಮೊಂತಿ ಫೆಸ್ತಿನ ದಿನ."

"ಮುರುಗನ್ ಹುಟ್ಟಿದ್ದು ಮರುವರ್ಷ ಫೆಬ್ರವರಿ."

"ಹೌ..." ಎನ್ನುವಾಗ ನನ್ನ ಬೆರಳುಗಳು ಸೀರೆಯ ಮರೆಯಲ್ಲಿ ತಾವಾಗಿಯೇ ಎಣಿಸತೊಡಗಿದವು. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಐದು.

ಆಗ ನೆನಪಾಯಿತು. ಮುರುಗನಿಗೆ ದಿನ ಕೊಟ್ಟವರು ಹಸನಬ್ಬರು. ಅವನ ಕೈ ಉದ್ದ, ತಲೆಯ ಮೇಲಿಂದ ಹಾಯಿಸಿದರೆ ಕಿವಿ ದಾಟಿ ಕೆನ್ನೆಗೆ ಬರುತ್ತಿತ್ತು. ಹಾಗಾಗಿ ಅವನಿಗೆ ವಯಸ್ಸು ಹೆಚ್ಚು ಬಿತ್ತು. ಸೆಲ್ವಿಯ ಕೈ ಗಿಡ್ಡ, ಅವಳಿಗೆ ಕಡಿಮೆ ಬಿತ್ತು. ಒಬ್ಬೊಬ್ಬರನ್ನೇ ನಿಲ್ಲಿಸಿ ಹುಟ್ಟಿಸುವ ಉತ್ಸಾಹದಲ್ಲಿ ಅಕ್ಕ ತಮ್ಮ ಎಂಬುದು ಮೂವರಿಗೂ ಮರೆತಿತ್ತು.

"ಈ ತಾಯಿ ಐದು ತಿಂಗಳಿಗೆ ಹೆತ್ತದ್ದೋ?" ರಾಯರು ಕೇಳಿದರು.

ಕಿಟಕಿಯ ಹೊರಗಿನಿಂದ ಹಸನಬ್ಬರ ಧ್ವನಿ ಬಂತು. "ಕೆಲವರು ಬೇಗ ಹೆರುತ್ತಾರೆ ಸಾರ್!"

"ಬಾಯಿ ಮುಚ್ಚು ಮಾರಾಯ!" ಎಂದು ಶೆಟ್ರು ಅವರ ತೋಳು ಜಗ್ಗಿದ್ದೂ ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅಂದು ನಾನು ಕಣ್ಣಾರೆ ಕಂಡೆ.

ರಾಯರು ಪುಸ್ತಕ ಮುಚ್ಚಿದರು. "ಇದು ಇಡೀ ಪುಸ್ತಕವೇ ಸುಳ್ಳು. ಇದಕ್ಕೆ ನಾನು ಸಹಿ ಹಾಕುವುದು ಹೇಗೆ? ಮೂವತ್ತು ವರ್ಷ ಕಪ್ಪು ಚುಕ್ಕೆ ಇಲ್ಲದೆ ಸರ್ವಿಸ್ ಮಾಡಿದ್ದೇನೆ. ಇನ್ನು ನಾಲ್ಕು ತಿಂಗಳಲ್ಲಿ ರಿಟೈರ್ ಆಗುವವನು."

ಬಾಗಿಲಲ್ಲಿ ಸೆಲ್ವಿ ನಿಂತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ನನ್ನ ಬುದ್ಧಿವಂತಿಕೆಗೆ ಈ ಹುಡುಗಿ ಬೆರಳು ಸುಟ್ಟುಕೊಳ್ಳಬೇಕಲ್ಲ. ಏನಾದರೂ ಮಾತಾಡಿ ರಾಯರನ್ನು ಸ್ವಲ್ಪ ಹೊತ್ತು ಕೂರಿಸಬೇಕೆಂದು ಬಾಯಿಗೆ ಬಂದದ್ದನ್ನು ಕೇಳಿದೆ.

"ರಿಟೈರ್ ಯಾವಾಗ ಸರ್?"

"ಮೇ ಮೂವತ್ತೊಂದು."

ತಿಂಗಳ ಒಂದನೇ ತಾರೀಕಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಇದು ಸರಕಾರಿ ಕೆಲಸದವರಿಗೆಲ್ಲ ಗೊತ್ತಿರುವ ಲೆಕ್ಕ. ನನ್ನ ತಲೆಯೊಳಗೆ ದೇವಸ್ಥಾನದವರು ಕೊಟ್ಟ ಗಂಟೆ ಹೊಡೆಯಿತು.

"ಹಾಗಾದರೆ ತಾವು ಹುಟ್ಟಿದ್ದು ಜೂನ್ ಒಂದು?"

"ದಾಖಲೆಯ ಪ್ರಕಾರ," ಎಂದರು. ಹೇಳಿದ ಮೇಲೆ ಅವರಿಗೇ ಹೇಳಬಾರದಿತ್ತು ಎನಿಸಿರಬೇಕು, 'ಪ್ರಕಾರ' ಸ್ವಲ್ಪ ತಗ್ಗಿ ಬಂತು.

"ಮತ್ತೆ ತಾಯಿಯ ಪ್ರಕಾರ?"

ರಾಯರು ಕನ್ನಡಕ ತೆಗೆದು ಒರೆಸಿದರು. "ವಿಟ್ಲಪಿಂಡಿಯ ದಿನ. ಕೃಷ್ಣಾಷ್ಟಮಿಯ ಮಾರನೆ ದಿನ. ಉಡುಪಿಯವರೆಲ್ಲ ಮೊಸರು ಕುಡಿಕೆ ನೋಡಲು ಹೋಗಿ ಸೂಲಗಿತ್ತಿಯೇ ಸಿಗಲಿಲ್ಲ ಅಂತ ಅಮ್ಮ ಸಾಯುವವರೆಗೂ ಹೇಳುತ್ತಿದ್ದರು. ಪ್ರತಿ ವರ್ಷ ಅವತ್ತು ಪಾಯಸ ಮಾಡುತ್ತಿದ್ದರು."

"ಅಷ್ಟಮಿ ಜೂನಿನಲ್ಲಿ ಬರುವುದಿಲ್ಲವಲ್ಲ ಸರ್. ನಿಮ್ಮನ್ನು ಜೂನ್ ಒಂದಕ್ಕೆ ಹುಟ್ಟಿಸಿದ್ದು ಯಾರು?"

"ನಮ್ಮ ಶಾಲೆಯ ಐಗಳು."

"ಕಿವಿ ಮುಟ್ಟಿಸಿದರಾ?"

"ಮುಟ್ಟಿಸಿದರು."

ನನಗೆ ಅಳು ಬಂತು. ಸಿಟ್ಟು ಬಂದಾಗ ಅಳುವುದು ನನ್ನ ಹಳೆಯ ಕೆಟ್ಟ ಅಭ್ಯಾಸ. "ನಿಮ್ಮ ಐಗಳ ಸುಳ್ಳಿನ ಮೇಲೆ ನೀವು ಮೂವತ್ತು ವರ್ಷ ಸರ್ವಿಸ್ ಮಾಡಿದಿರಿ ಸರ್. ಅದಕ್ಕೆ ಕಪ್ಪು ಚುಕ್ಕೆ ಇಲ್ಲ. ನನ್ನ ಸುಳ್ಳಿನ ಮೇಲೆ ಈ ಹುಡುಗಿ ಒಂದು ಪರೀಕ್ಷೆ ಬರೆಯಬಾರದಾ? ಐಗಳು ಮಾಡಿದರೆ ಪದ್ಧತಿ, ಐರಿನ್ ಮಾಡಿದರೆ ಮೋಸವಾ? ಅಥವಾ ಉಡುಪಿಯ ಮಗುವಿಗೆ ನಡೆಯುವುದು ಸಿಲೋನಿನ ಮಗುವಿಗೆ ನಡೆಯುವುದಿಲ್ಲವಾ?"

ಮೇಲಧಿಕಾರಿಯ ಹತ್ತಿರ ಹೀಗೆ ಮಾತಾಡಬಾರದು. ಹೊಸಬರು ಇದನ್ನು ಪ್ರಯೋಗಿಸಬೇಡಿ. ಕಾಪುವಿನ ಟ್ರಂಕು ಮತ್ತೆ ಕಣ್ಣೆದುರು ಬಂತು.

ರಾಯರು ಬಾಗಿಲಲ್ಲಿದ್ದ ಸೆಲ್ವಿಯನ್ನು ನೋಡಿದರು. "ಮಗೂ, ನೀನು ಹುಟ್ಟಿದ್ದು ಯಾವಾಗ?"

ಸುಳ್ಳು ಹೇಳಲು ಬಾರದ ಹುಡುಗಿ.

"ನನಗೆ ಗೊತ್ತಿಲ್ಲ ಸಾರ್. ಹುಟ್ಟಿದ್ದಂತೂ ಹೌದು," ಎಂದಳು.

ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಪುಸ್ತಕ ಬಿಚ್ಚಿ ನನಗೆ ಬೈದರು. "ಎಂತ ಟೀಚರ್ ಮಾರಾಯ್ತಿ ನೀವು! ಹನ್ನೊಂದು ಮಕ್ಕಳಿಗೂ ಜೂನ್ ಒಂದು ಅಂತ ಬರೆದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಮೇ ಮೂವತ್ತೊಂದಕ್ಕೆ ಹಾರ ಹಾಕುವುದಕ್ಕೂ ಜನ ಉಳಿಯುವುದಿಲ್ಲ, ಎಲ್ಲರೂ ಹಾರ ಹಾಕಿಸಿಕೊಳ್ಳುವವರೇ!" ಕೆಂಪು ಪೆನ್ನಿನಿಂದ ಮೊಂತಿ ಫೆಸ್ತನ್ನು ಹೊಡೆದುಹಾಕಿ, ಸೆಲ್ವಿಯನ್ನು ಒಂದೂಕಾಲು ವರ್ಷ ದೊಡ್ಡವಳನ್ನಾಗಿ ಮಾಡಿ, ಜೂನ್ ಒಂದು ಎಂದು ಬರೆದರು. ಪಕ್ಕದಲ್ಲಿ ನೀಲಿ ಪೆನ್ನಿನಿಂದ ಸಹಿ ಹಾಕಿದರು. ಖಾಲಿಯಿದ್ದ ರಾಷ್ಟ್ರೀಯತೆಯ ಕಾಲಮಿನ ಮೇಲೆ ಬೆರಳಿಟ್ಟರು, ನನ್ನನ್ನು ನೋಡಿದರು, ಪುಟ ತಿರುಗಿಸಿದರು.

"ಕನ್ನಡಕ ಬದಲಿಸಬೇಕು. ಕೆಲವು ಕಾಣುವುದೇ ಇಲ್ಲ," ಎಂದು ಎದ್ದುನಿಂತು, ಬೆಲ್ಲ ನೀರು ಕೇಳಿದರು. ಅದನ್ನು ತರಲು ಕಿಟಕಿಯ ಹೊರಗಿಂದಲೇ ಓಡಿದ ರಭಸಕ್ಕೆ ಶೆಟ್ರೂ ಹಸನಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು.

ಸೆಲ್ವಿ ಕಾರ್ಕಳದಲ್ಲಿ ಪರೀಕ್ಷೆ ಬರೆದಳು, ಪ್ರಥಮ ದರ್ಜೆಯಲ್ಲಿ ಪಾಸಾದಳು. ಫಲಿತಾಂಶ ಬಂದ ದಿನ ಮುತ್ತಮ್ಮ ಒಬ್ಬಳೇ ನಮ್ಮ ಮನೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

"ಒಂದು ತಪ್ಪು ಮಾಡಿದ್ದೇನೆ ಟೀಚರಮ್ಮ. ಬೈಯಬಾರದು."

ಸೆರಗಿನಿಂದ ಒಂದು ಪ್ಲಾಸ್ಟಿಕ್ ಹಾಳೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಎರಡು ಕಾಗದ. ಸಿಲೋನಿನ ತೋಟದ ಆಸ್ಪತ್ರೆಯದ್ದು, ಇಂಗ್ಲಿಷಿನಲ್ಲಿ. ಒಂದರಲ್ಲಿ ಸೆಲ್ವಿಯ ಹೆಸರು, ಇನ್ನೊಂದರಲ್ಲಿ ಮುರುಗನದ್ದು. ದಿನ, ವರ್ಷ, ಹುಟ್ಟಿದ ಹೊತ್ತು ಸಮೇತ. ಅಕ್ಕ ತಮ್ಮನ ನಡುವೆ ಎರಡೂವರೆ ವರ್ಷ.

"ಇದು ಇಷ್ಟು ವರ್ಷ ನಿನ್ನ ಹತ್ತಿರ ಇತ್ತಾ?"

"ತಲೆದಿಂಬಿನೊಳಗೆ ಹೊಲಿದು ಇಟ್ಟಿದ್ದೆ."

"ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲ ಟೀಚರಮ್ಮ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಅವಳೇ ಮುಂದುವರಿಸಿದಳು. "ಕೇಳಿದ್ದರೂ ಕೊಡುತ್ತಿರಲಿಲ್ಲ. ಇದರಲ್ಲಿ ಸಿಲೋನ್ ಅಂತ ಬರೆದಿದೆ. ತೋರಿಸಿದರೆ ಮಕ್ಕಳನ್ನು ಮತ್ತೆ ಹಡಗು ಹತ್ತಿಸುತ್ತಾರೆ ಅಂತ ಹೆದರಿಕೆ. ಈ ಕಾಗದದಲ್ಲಿ ನನ್ನ ಮಕ್ಕಳು ಹುಟ್ಟಿದ್ದು ಅಲ್ಲಿ. ನಿಮ್ಮ ಪುಸ್ತಕದಲ್ಲಿ ಹುಟ್ಟಿದ್ದು ಇಲ್ಲಿ. ನನಗೆ ನಿಮ್ಮ ಪುಸ್ತಕವೇ ಬೇಕಾಯಿತು."

ಮತ್ತೊಮ್ಮೆ ಸೆಲ್ವಿಯ ಕಾಗದ ನೋಡಿದೆ. ನವೆಂಬರ್ ಕೊನೆ. "ಕಾರ್ತಿಕ ದೀಪದ ಹತ್ತಿರವಾ?" ಎಂದೆ.

"ದೀಪದ ಮಾರನೆ ದಿನ," ಎಂದಳು ಮುತ್ತಮ್ಮ. "ಮುರುಗ ಬಿಸುವಿನ ಹತ್ತಿರ."

ಎರಡು ಮನೆ ದೇವರು ಯಾರು ಎಂದು ನನಗೆ ಆಗ ತಿಳಿಯಿತು. ಅಷ್ಟು ವರ್ಷ ಎರಡೆರಡು ಸಲ ಹಾಕಿಸಿಕೊಂಡು ತಿಂದವಳು ನಾನು.

ಕಾಗದಗಳನ್ನು ನನ್ನ ಕೈಗೇ ಕೊಟ್ಟು ಅವಳು ಒಂದು ಮಾತು ತೆಗೆದುಕೊಂಡಳು. "ಸೆಲ್ವಿಗೆ ಹೇಳಬೇಡಿ. ಯಾರಾದರೂ ಕೇಳಿದರೆ ನಿಜ ಹೇಳಿಬಿಡುತ್ತಾಳೆ, ಅವಳು ಹಾಗೆಯೇ. ಅವಳ ಹುಟ್ಟಿನ ಕಾಗದ ಯಾರೂ ಕೇಳದ ದಿನ ಬಂದ ಮೇಲೆ ಹೇಳಿ." ನಾನು ಶಿಲುಬೆ ಮುಟ್ಟಿ ಮಾತು ಕೊಟ್ಟೆ. ಕಾಗದ ಇಂದಿಗೂ ನನ್ನ ಪ್ರಾರ್ಥನೆಯ ಪುಸ್ತಕದೊಳಗೆ ಉಂಟು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಎಂಬತ್ತರ ದಶಕದಲ್ಲಿ ನಮ್ಮ ಶಾಲೆಗೆ ಮಾನ್ಯತೆ ಬಂತು, ನನಗೆ ಜೊತೆಗೆ ಇಬ್ಬರು ಟೀಚರುಗಳೂ ಬಂದರು. ತಡವಾಗಿಯಾದರೂ ಆ ಎಂಟು ಮನೆಯವರಿಗೆ ಈ ದೇಶದ ಕಾಗದ ಸಿಕ್ಕಿತು. ಮುರುಗನ್ ದೊಡ್ಡವನಾಗಿ ಬಸ್ಸುಗಳಿಗೆ ಊರಿನ ಹೆಸರಿನ ಬೋರ್ಡು ಬರೆಯುವವನಾದ. ಸೆಲ್ವಿ ಟ್ರೈನಿಂಗ್ ಮುಗಿಸಿ ನಮ್ಮ ಶಾಲೆಗೇ ಟೀಚರಾಗಿ ಬಂದಳು. ಬಂದ ದಿನ ಹಳೆಯ ದಾಖಲಾತಿ ತೆಗೆದು, ನಾವು ಖಾಲಿ ಬಿಟ್ಟಿದ್ದ ಕಾಲಮಿನಲ್ಲಿ ಹನ್ನೊಂದು ಹೆಸರುಗಳ ಎದುರು 'ಭಾರತೀಯ' ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದಳು. ಶೆಟ್ರು ಪಕ್ಕದಲ್ಲಿ ನಿಂತು ನೋಡಿ, ಕಣ್ಣಿಗೆ ಕಸ ಬಿತ್ತು ಎಂದು ಹೊರಗೆ ಹೋದರು. ಹಸನಬ್ಬರಿಗೂ ಅದೇ ಕಸ ಬಿತ್ತು.

ಮುತ್ತಮ್ಮ ತೀರಿಹೋಗಿ ಕೆಲವು ವರ್ಷಗಳಾದವು. ಕಳೆದ ದೀಪದ ಮಾರನೆ ದಿನವೂ ನನ್ನ ಮನೆಗೆ ಬೆಲ್ಲದ ಅನ್ನ ಬಂತು, ತಂದದ್ದು ಸೆಲ್ವಿ. "ಯಾವ ದೇವರಿಗೆ?" ಎಂದು ಬೇಕೆಂದೇ ಕೇಳಿದೆ. "ಗೊತ್ತಿಲ್ಲ ಟೀಚರ್. ಅಮ್ಮ ಈ ದಿನ ತಪ್ಪಿಸಬೇಡ ಅಂದಿದ್ದರು," ಎಂದಳು. ಹಿರಿಯಳೆಂದು ಮೊದಲ ತುತ್ತು ನನಗೇ ಕೊಟ್ಟಳು. ನಾನು ಬಾಯಿ ಮುಚ್ಚಿಕೊಂಡು ತಿಂದೆ.

ಈ ವರ್ಷ ಮೇ ಮೂವತ್ತೊಂದಕ್ಕೆ ಸೆಲ್ವಿ ಟೀಚರ್ ನಿವೃತ್ತಳಾದಳು. ಹಾರ ಹಾಕಿದರು, ಪೆನ್ಶನ್ ಪುಸ್ತಕವೂ ಕೈಗೆ ಬಂತು. ಇನ್ನು ಅವಳ ಹುಟ್ಟಿನ ಕಾಗದ ಕೇಳುವವರು ಯಾರೂ ಇಲ್ಲ. ಕೊನೆಗೆ ಹೇಳುತ್ತೇನೆಂದ ಕಾರಣ ಇದೇ.

ತಂಗಿಯ ಮೊಮ್ಮಗಳೇ, ಮೊದಲ ದಿನ ಎಂತ ಮಾಡಬೇಕು ಎಂದು ಕೇಳಿದೆಯಲ್ಲ? ಮಗುವಿನ ತಾಯಿಯನ್ನು ಕೂರಿಸಿ ಕೇಳು. ಅವಳಿಗೆ ಎಲ್ಲ ಗೊತ್ತಿರುತ್ತದೆ.

ಸೆಲ್ವಿ, ನೀನು ಹುಟ್ಟಿದ್ದು ದೀಪದ ಮಾರನೆ ದಿನ, ಬೆಳಗಿನ ಆರು ಗಂಟೆಗೆ. ಈ ಸಲ ಅನ್ನ ತರುವಾಗ ಮೊದಲ ತುತ್ತು ನೀನು ತಿಂದು ಬಾ.